ಅತ್ತೆಯ ಅರ್ಧ ಪಾವು

ಅಣ್ಣನ ನಿಶ್ಚಿತಾರ್ಥದ ದಿನ ಅಮ್ಮ ಮಾಡಿದ ಗೋಡಂಬಿ ಬರ್ಫಿಯನ್ನು ಸೋದರತ್ತೆ ಬೀಗರ ಎದುರೇ ತಟ್ಟೆಗೆ ಕುಟ್ಟಿ ತೋರಿಸಿದರು. ಟಣ್ ಎಂದಿತು.

"ನಮ್ಮ ವಡಪಳನಿ ಏರಿಯಾಗೆ ಕಳಿಸಿಬಿಡೇ. ಅಲ್ಲಿ ಮೆಟ್ರೋ ಕಟ್ಟೋವ್ರಿಗೆ ಜಲ್ಲಿ ಬೇಕಂತೆ."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮರುದಿನ ಸಿಹಿ ಮಾಡುವ ಬಾಣಲೆಯನ್ನು ಅಟ್ಟಕ್ಕೆ ಹಾಕಿದಳು, ಮತ್ತೆ ಇಳಿಸಲಿಲ್ಲ.

ನನಗೆ ಜಗಳವಾಡಲು ಬರುವುದಿಲ್ಲ. ನೆನಪಿಟ್ಟುಕೊಳ್ಳಲು ಬರುತ್ತದೆ.

ಬರ್ಫಿಯ ಅಳತೆ ಅತ್ತೆಯದೇ. ಒಂದು ಪಾವು ಗೋಡಂಬಿ, ಅರ್ಧ ಪಾವು ಸಕ್ಕರೆ. ಕೇಳಿದವರಿಗೆಲ್ಲ ಧಾರಾಳವಾಗಿ ಹೇಳುತ್ತಿದ್ದರು; ಯಾರ ಮನೆಯಲ್ಲೂ ಅವರದ್ದರಷ್ಟು ಮೆತ್ತಗೆ ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಅಂಗೈ ತೋರಿಸಿ "ಕೈರಾಶಿ" ಎನ್ನುತ್ತಿದ್ದರು. ಊರಿನಲ್ಲಿ ಕೈಗುಣ ಎನ್ನುವುದು ಮದ್ರಾಸಿನ ನಮ್ಮ ಬಾಯಲ್ಲಿ ಹಾಗಾಗಿದೆ.

ಕೆಲವು ತಿಂಗಳ ಮೇಲೆ ಅವರ ಮನೆಯ ಪೂಜೆಗೆ ಹೋದಾಗ ಸಕ್ಕರೆ ತರಲು ನನ್ನನ್ನು ಅಡುಗೆಮನೆಗೆ ಕಳಿಸಿದರು. ಗೋಡಂಬಿ ಡಬ್ಬದ ಪಕ್ಕದಲ್ಲಿ ಹಿತ್ತಾಳೆಯ ಪಾವು ಇತ್ತು. ನಮ್ಮ ಮನೆಯಲ್ಲಿರುವುದು ಅದರ ಜೋಡಿ. ಎರಡೂ ಅಜ್ಜಿ ಕೊಟ್ಟದ್ದು. ಆದರೆ ಸಕ್ಕರೆ ಡಬ್ಬದೊಳಗೆ ಬೇರೆಯೇ ಒಂದು ಗಿಡ್ಡ ಪಾತ್ರೆ. ಇಲ್ಲಿಯ ತಮಿಳರು ಅಳತೆಗೆ ಬಳಸುವ ಆಳಾಕ್ಕು.

"ಅತ್ತೆ, ಇದೇನು?"

"ಪಾವು ಕಣೇ. ಸಕ್ಕರೆ ಪಾವು. ಎಂ.ಎಸ್ಸಿ. ಓದಿ ಪಾವು ತೆರಿಯಾದಾ ನಿಂಗೆ?" ಪಡಸಾಲೆಯಿಂದಲೇ ಉತ್ತರ ಬಂತು.

ನನ್ನ ಆಫೀಸಿನ ನೀರಿನ ಬಾಟಲಿಯ ಮೇಲೆ ಮಿಲಿಲೀಟರಿನ ಗೆರೆಗಳಿವೆ. ಎರಡೂ ಪಾತ್ರೆಗಳಲ್ಲಿ ನೀರು ತುಂಬಿ ಒಂದೊಂದಾಗಿ ಅದಕ್ಕೆ ಸುರಿದು ನೋಡಿದೆ. ಹಿತ್ತಾಳೆಯದು ಇನ್ನೂರ ನಲವತ್ತು. ಗಿಡ್ಡದು ನೂರ ಎಪ್ಪತ್ತನ್ನೂ ಮುಟ್ಟಲಿಲ್ಲ. ಒರೆಸಿ ಇದ್ದಲ್ಲೇ ಇಟ್ಟೆ.

ಮನೆಗೆ ಬಂದು ತೂಕ ಮಾಡಿದೆ. ಒಂದು ಪಾವು ಇಡೀ ಗೋಡಂಬಿ ನೂರ ನಲವತ್ತು ಗ್ರಾಂ. ಅದೇ ಪಾವಿನಲ್ಲಿ ಸಕ್ಕರೆ ಇನ್ನೂರು ದಾಟುತ್ತದೆ. ಬೀಜಗಳ ನಡುವೆ ನಿಲ್ಲುವಷ್ಟು ಗಾಳಿ ಸಕ್ಕರೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅಮ್ಮನ ಅರ್ಧ ಪಾವು ನೂರು ಗ್ರಾಂ, ಗಿಡ್ಡ ಪಾತ್ರೆಯಲ್ಲಿ ಅಳೆದ ಅತ್ತೆಯ ಅರ್ಧ ಪಾವು ಎಪ್ಪತ್ತು. ಹೆಚ್ಚಾದ ಆ ಮೂವತ್ತು ಗ್ರಾಂ ಸಕ್ಕರೆಯೇ ಬರ್ಫಿಯನ್ನು ಜಲ್ಲಿ ಮಾಡಿದ್ದು.

ಇದು ಅತ್ತೆಗೆ ಗೊತ್ತಿತ್ತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಗೊತ್ತಿರಲಿಲ್ಲವೆಂದಾಗಿದ್ದರೆ ನನ್ನ ಸಂತೋಷ ಕಡಿಮೆಯಾಗುತ್ತಿತ್ತು.

ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರೆದೆ: "ಅತ್ತೆಯ ಕೈರಾಶಿ ಈಗ ಎಲ್ಲರಿಗೂ. ಗೋಡಂಬಿ ಎಷ್ಟು ತೂಗುತ್ತದೋ ಸಕ್ಕರೆ ಅದರ ಅರ್ಧ. ಪಾವು ಬೇಡ, ತಕ್ಕಡಿ ಸಾಕು." ಭಾನುವಾರದೊಳಗೆ ಪೆರಂಬೂರಿನ ಚಿಕ್ಕಮ್ಮ ಮೆತ್ತನೆಯ ಬರ್ಫಿಯ ಫೋಟೋ ಹಾಕಿದರು. ಅವರ ಹಿಂದೆ ಇನ್ನೂ ನಾಲ್ಕು ಮನೆಯವರು. ಅತ್ತೆಯ ಹೆಸರಿನ ಪಕ್ಕ 'ಟೈಪಿಂಗ್' ಎಂದು ಬಂತು, ಹೋಯಿತು, ಮತ್ತೆ ಬಂತು. ನಾನು ಕಾಫಿ ಆರುವವರೆಗೂ ಅದನ್ನೇ ನೋಡುತ್ತ ಕೂತಿದ್ದೆ.

"ಪಾಪ, ವಯಸ್ಸಾದವರು ಕಣೇ," ಎಂದಳು ಅಮ್ಮ. ಆದರೆ ಬಾಣಲೆ ಇಳಿಸಿದಳು.

ಮದುವೆಯ ದಿನ ಅಮ್ಮನ ಬರ್ಫಿಯನ್ನು ಅತ್ತೆ ಬೆರಳಲ್ಲಿ ಒತ್ತಿದರು. ಅದು ಬಾಗಿತು. ಬಾಯಿಗೆ ಹಾಕಿಕೊಂಡರು.

ಪಕ್ಕದಲ್ಲಿದ್ದ ಬೀಗಿತ್ತಿ ಕೇಳಿದರು, "ಇಷ್ಟು ಮೆತ್ತಗೆ ಹೆಂಗ್ ಬಂತು ನಿಮಗೆ?"

ಅಮ್ಮ ಅತ್ತೆಯನ್ನೇ ನೋಡುತ್ತ ಅಂಗೈ ಚಾಚಿದಳು.

"ಕೈರಾಶಿ."