ಕೊಡದ ಕಸಿಕಡ್ಡಿ

ಶಾಂತಾರಾಮ ಕಳ್ಳನೇ ಆಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಗೋವಿಂದ ಹೆಗಡೆ ಶಿರಸಿಯಲ್ಲಿ ಬನವಾಸಿ ಬಸ್ಸು ಹತ್ತಿದ. ಇಂಥ ಬೇಡಿಕೆ ಇಟ್ಟವನು ಇಡೀ ಸೀಮೆಯಲ್ಲಿ ಅವನೊಬ್ಬನೇ ಇರಬೇಕು.

ಸಿದ್ದಾಪುರದ ಕಡೆ, ಅಘನಾಶಿನಿ ದಂಡೆಯಲ್ಲಿ ಅವನದೊಂದು ಅಪ್ಪೆಮಿಡಿ ಮಾವಿನ ಮರವಿತ್ತು. ಜೀರಿಗೆ ಪರಿಮಳದ ಮಿಡಿ. ಉಪ್ಪಿನಕಾಯಿ ಹಾಕಿದರೆ ಐದು ವರ್ಷಕ್ಕೂ ಮೆತ್ತಗಾಗುತ್ತಿರಲಿಲ್ಲ. ಮದುವೆಯೂಟದ ಪಂಕ್ತಿಯಲ್ಲಿ ಯಾರಾದರೂ "ಇದು ಗೋವಿಂದ ಹೆಗಡೆ ಮಿಡಿ" ಎಂದರೆ ಸಾಕು, ಪುಣ್ಯಾತ್ಮ ಎಲೆಗೆ ಹೋಳಿಗೆ ಬಿದ್ದದ್ದನ್ನೂ ಮರೆಯುತ್ತಿದ್ದ. ಮಿಡಿಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ. ಕಸಿಗೆ ಕಡ್ಡಿ ಮಾತ್ರ ಯಾರಿಗೂ ಇಲ್ಲ. ಗೊರಟೆಯಿಂದ ಆ ರುಚಿ ಬರುವುದಿಲ್ಲ, ಕಸಿಯೇ ಆಗಬೇಕು. ಇನ್ನೊಬ್ಬರ ಅಂಗಳದಲ್ಲೂ ಅದೇ ಮರ ಬಂದರೆ ತನ್ನ ಹೆಸರು ಹೇಳುವವರು ಯಾರು?

೧೯೯೪ರಲ್ಲಿ ಬನವಾಸಿಯ ಕಸಿ ಕಟ್ಟುವ ಶಾಂತಾರಾಮ ಬಂದು ಎರಡೇ ಕಡ್ಡಿ ಕೇಳಿದ. ಹೆಗಡೆ ಆಗದು ಎಂದ.

"ಎರಡು ಕಡ್ಡಿ ಕೊಟ್ರೆ ನಮ್ಮನೆದು ಎಂತ ಕರಗ್ತು?" ಎಂದಳು ಹೆಂಡತಿ ದೇವಕಿ. ಹೆಗಡೆ ಎದ್ದು ಒಳಗೆ ನಡೆದ. ಶಾಂತಾರಾಮ ಮರವಿದ್ದ ಹೊಳೆದಂಡೆ ಹಿಡಿದು ಬಸ್ಸಿಗೆ ನಡೆದದ್ದೇ ನೆಪವಾಯಿತು. ಕಡ್ಡಿ ಕದ್ದೇ ಹೋದ ಎಂದು ಹೆಗಡೆ ಎಂಟು ವರ್ಷ ಊರೆಲ್ಲ ಸಾರಿದ. ಈ ಆಷಾಢದ ನೆರೆಗೆ ದಂಡೆ ಕುಸಿದು ಮರ ಬೇರುಸಹಿತ ಹೊಳೆಪಾಲಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು.

ಬನವಾಸಿಯ ಸೆಕೆಗೆ ಬೆವರುತ್ತ, ಅನಾನಸು ಹೊಲಗಳನ್ನು ದಾಟಿ, ಹೆಗಡೆ ವರದಾ ಹೊಳೆಯ ಪಕ್ಕದ ಶಾಂತಾರಾಮನ ಕಸಿಗಿಡಗಳ ಚಪ್ಪರ ತಲುಪಿದ.

"ಬರ್ರಿ ಹೆಗಡೇರ, ಕುಂದರ್ರಿ."

ಹೆಗಡೆ ಕೂರಲಿಲ್ಲ. ಒಂದೊಂದೇ ಮಾವಿನ ಗಿಡದ ಎಲೆ ಹಿಸುಕಿ ಮೂಸಿದ. ತನ್ನ ಮರದ ವಾಸನೆ ಒಂದರಲ್ಲೂ ಇರಲಿಲ್ಲ.

"ಅವತ್ತು ಕದ್ದ ಕಡ್ಡಿ ಎಲ್ಲಿ ಕಟ್ಟಿದ್ದೆ, ಹೇಳು ಮಾರಾಯ. ನಂಗೆ ಸಿಟ್ಟಿಲ್ಲ. ಮರ ಹೊಳೆಗೆ ಹೋಯ್ತು. ಒಂದು ಗಿಡ ಕೊಡು, ಸಾಕು."

ಶಾಂತಾರಾಮ ಕೈಯಲ್ಲಿದ್ದ ಕಸಿಗಿಡವನ್ನು ಕೆಳಗಿಟ್ಟ. "ಮರದ ಬುಡಕ್ಕ ನಿಂತಿದ್ದೆ, ಖರೆ. ಕೈಯಾಗ ಚಾಕೂನೂ ಇತ್ತು. ಆದ್ರ ನೀವು ಒಲ್ಲೆ ಅಂದಿದ್ರಿ. ಒಡೇರು ಒಲ್ಲೆ ಅಂದ ಕಡ್ಡಿ ಕೊಯ್ದಿದ್ರ ನನ್ನ ಕೈಗುಣ ಉಳೀತಿತ್ತೇನ್ರಿ? ನೀವು ನನ್ನ ಕಳ್ಳ ಅಂದಿದ್ದೂ ಕಿವಿಗೆ ಬಿದ್ದಿತ್ತು. ಆದ್ರೂ ಕದಿಯಾಕ ಹೋಗ್ಲಿಲ್ಲ."

ತಪ್ಪಾಯಿತು ಎನ್ನಬೇಕೆಂದು ಹೆಗಡೆ ಬಾಯಿ ತೆರೆದ. ಬಂದ ಮಾತೇ ಬೇರೆ.

"ಕದೀಬೇಕಿತ್ತೋ ಮಾರಾಯ, ಕದೀಬೇಕಿತ್ತು," ಎನ್ನುತ್ತ ಅಲ್ಲೇ ಗಿಡಗಳ ನಡುವೆ ಕುಸಿದು ಅತ್ತ.