ಪೇಪರ್ ಬರುವವರೆಗೆ

ವಾಡಿ ಸ್ಟೇಷನ್ನಿನ ಚಹಾದಂಗಡಿಯ ಮುದುಕ ರೇಡಿಯೋ ಸುದ್ದಿಯನ್ನು ನಂಬುತ್ತಿರಲಿಲ್ಲ. ಯಾರು ಏನೇ ಹೇಳಲಿ, ಬಟ್ಟೆಯಿಂದ ಬಸಿ ಒರೆಸುತ್ತ, "ಪೇಪರ್ ಬರ್ಲಿ, ನೋಡಣ್ರಿ" ಎನ್ನುತ್ತಿದ್ದ. ಪೇಪರ್ ಬರುತ್ತಿದ್ದುದು ಮಧ್ಯಾಹ್ನದ ರೈಲಿಗೆ.

ಒಬ್ಬ ಅಭ್ಯರ್ಥಿ ಸೋಲುವುದು ಖಂಡಿತವೆಂದು ಆತ ಊರಿಗೆಲ್ಲ ಸಾರಿದ್ದ. ಮತ ಎಣಿಕೆಯ ಮರುದಿನ ಬೆಳಿಗ್ಗೆ ಅದೇ ಅಭ್ಯರ್ಥಿ ಹಾರ ಹಾಕಿಕೊಂಡು ಅಂಗಡಿಗೇ ಬಂದ.

"ಈಗರೆ ಒಪ್ಕೋ ಕಾಕಾ, ನಾ ಗೆದ್ದೀನಿ."

"ಯಾರ್ ಹೇಳ್ಯಾರ್ರಿ, ಸಾಹೇಬ್ರ?"

"ರೇಡಿಯೋದಾಗೇ ಬಂದದ!"

"ಇವತ್ತು ಮಳಿ ಇಲ್ಲಂತ ಹೇಳಿದ್ದೂ ಅದೇ ರೇಡಿಯೋರಿ. ನಿಮ್ಮ ಹಾರ ನೋಡ್ರಿ, ಹ್ಯಾಂಗ ತೊಯ್ದದ. ಪೇಪರ್ ಬರ್ಲಿ, ನೋಡಣ್ರಿ."

ಅಭ್ಯರ್ಥಿ ನಕ್ಕು ಹೊರಟುಹೋದನೆಂದು ಜನ ಇಂದಿಗೂ ಹೇಳುತ್ತಾರೆ. ಅದು ಸುಳ್ಳು, ನಾನು ಅದೇ ಬೆಂಚಿನ ಮೇಲಿದ್ದೆ. ಆತ ಒದ್ದೆ ಹಾರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ರೈಲು ಬರುವ ದಿಕ್ಕನ್ನೇ ನೋಡುತ್ತ ಮಧ್ಯಾಹ್ನದವರೆಗೆ ಕುಳಿತಿದ್ದ.