ಮಡಿ ಹಗ್ಗಕ್ಕೆ ತೂಗಿದ ಗೂಡು

ನಮ್ಮತ್ತೆ ಅಲಮೇಲಮ್ಮನವರ ಮಡಿ ಅಂದರೆ ರಾಜಾಜಿನಗರದ ನಮ್ಮ ಬೀದಿಗೆಲ್ಲ ಭಯ. ಬೆಳಗ್ಗೆ ಸ್ನಾನವಾದ ಮೇಲೆ ಪೂಜೆ, ಊಟ ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಹಿತ್ತಲಿನಲ್ಲಿ ಎತ್ತರಕ್ಕೆ ಕಟ್ಟಿದ ಹಗ್ಗ ಅವರ ಮಡಿ ಸೀರೆಗೇ ಮೀಸಲು. ಒದ್ದೆ ಸೀರೆಯನ್ನು ಬಿದಿರು ಕೋಲಿನಿಂದ ಎತ್ತಿ ಹರವುತ್ತಿದ್ದರು. ಇನ್ನೊಂದು ಕಟ್ಟಳೆಯೂ ಇತ್ತು: ಹಿರಿಯರ ಎದುರಿಗೆ ಗಂಡಸು ತನ್ನ ಮಗುವನ್ನು ಎತ್ತಿಕೊಳ್ಳಕೂಡದು. ನನ್ನ ಗಂಡ ಶ್ಯಾಮಸುಂದರ, ಅಮ್ಮನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಹತ್ತು ತಿಂಗಳ ಮಗಳನ್ನು ಬಿಸಿ ಪಾತ್ರೆಯಂತೆ ಕೆಳಗಿಳಿಸಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

೧೯೭೪ರ ಮಾರ್ಚ್‌ನಲ್ಲಿ ಆ ಹಗ್ಗದ ತುದಿಗೇ ಒಂದು ಸೂರಕ್ಕಿ, ಹೆಬ್ಬೆರಳಿನಷ್ಟು ಹಕ್ಕಿ, ಜೇಡರಬಲೆ, ಒಣನಾರು ಸೇರಿಸಿ ಗೂಡು ತೂಗುಹಾಕಿತು. ಮರಿಯಾದ ಮೇಲೆ ಗಂಡು, ಹೆಣ್ಣು ಎರಡೂ ಹುಳು ತಂದು ಉಣಿಸತೊಡಗಿದವು. "ಕಿತ್ತು ಹಾಕೇ ಆ ಕಸಾನ" ಅಂದರು ಅತ್ತೆ. ನಾನು ಕಿವುಡಿಯಾದೆ.

ಒಂದು ಬೆಳಗ್ಗೆ ಅವರ ಕೋಲಿನ ತುದಿ ಸಿಕ್ಕಿಕೊಂಡು ಗೂಡು ಕಳಚಿ, ಒಗೆಯುವ ಕಲ್ಲಿನ ಪಕ್ಕ ಬಿತ್ತು. ಒಳಗೆ ಎರಡು ಮರಿ ಚೀರಿದವು. ಕಾಂಪೌಂಡಿನ ಮೇಲಿದ್ದ ಬೆಕ್ಕು ಧುಮುಕಿತು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅತ್ತೆ ಕೋಲು ಬೀಸಿ ಬೆಕ್ಕನ್ನು ಓಡಿಸಿ, ಗೂಡನ್ನು ಬರಿಗೈಯಲ್ಲಿ ಎತ್ತಿಕೊಂಡಿದ್ದರು. ಒದ್ದೆ ಸೀರೆಯ ಅಂಚನ್ನು ಹರಿದು, ಸ್ಟೂಲು ಹತ್ತಿ, ಮೊದಲಿದ್ದ ಜಾಗಕ್ಕೇ ಕಟ್ಟಿದರು. ಮಡಿ ಎಲ್ಲಿ ಹೋಯಿತೋ ಅವರಿಗೇ ಗೊತ್ತಿರಲಿಲ್ಲ.

ಪಕ್ಕದ ಮನೆಯ ಜಗದಾಂಬಾ ಗೋಡೆಯಾಚೆಯಿಂದ ಇಣುಕಿದರು. "ಮುಟ್ಬಿಟ್ರಾ ಅಲಮೇಲಮ್ಮ? ಮನುಷ್ಯರ ಕೈ ತಾಗಿದ್ರೆ ಹಕ್ಕಿ ಮರಿ ಹತ್ರಾನೇ ಬರಲ್ವಂತೆ."

ಅತ್ತೆಯ ಮುಖ ಬಿಳುಚಿಕೊಂಡಿತು. ಮುಟ್ಟಿದರೆ ಕೆಡುತ್ತದೆ ಎನ್ನುವ ಮಾತನ್ನು ಅವರಷ್ಟು ನಂಬಿದವರು ಇನ್ಯಾರಿದ್ದಾರೆ! "ನನ್ನ ಕೈಯಿಂದ ಅವಕ್ಕೆ ಮೈಲಿಗೆ ಆಯ್ತೇನೇ, ಕೋಕಿಲಾ?" ಎಂದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ಅವರನ್ನು ಒಳಕ್ಕೆ ಕರೆದೆ.

ಹಿತ್ತಲ ಬಾಗಿಲ ಸಂದಿಯಲ್ಲಿ ಕಾದೆವು. ಹೆಣ್ಣು ಬಂತು, ಹಗ್ಗದ ಮೇಲೆ ಕೂತಿತು, ಬಟ್ಟೆಯ ಗಂಟು ಕಂಡು ಹಾರಿಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅರ್ಧ ಗಂಟೆ ಕಳೆಯಿತು. ಮರಿಗಳ ಸದ್ದು ಸಣ್ಣದಾಗುತ್ತಿತ್ತು. ದೇವರ ಮುಂದೆ ದೀಪ ಹಚ್ಚಿರಲಿಲ್ಲ, ಒಲೆಯ ಮೇಲೆ ಬೇಳೆ ಸೀಯುತ್ತಿತ್ತು, ಅತ್ತೆ ಕದಲಲಿಲ್ಲ.

ಆಗ ಹಳದಿ ಹೊಟ್ಟೆಯ ಗಂಡು ಬಂತು, ಕೊಕ್ಕಿನಲ್ಲಿ ಜೇಡ ಕಚ್ಚಿಕೊಂಡು. ಗಂಟಿನ ಸುತ್ತ ಒಮ್ಮೆ ಹಾರಿತು. ಆಮೇಲೆ ಗೂಡಿನ ಬಾಯಿಗೆ ಜೋತು ಮರಿಗೆ ಉಣಿಸಿತು. ಹಿಂದೆಯೇ ಹೆಣ್ಣೂ ಬಂತು.

"ಅಪ್ಪ ಕಣೇ ಮೊದಲು ಬಂದಿದ್ದು," ಎಂದರು ಅತ್ತೆ. ಅವರು ಅಳುತ್ತಿದ್ದರು.

ಅಷ್ಟರಲ್ಲಿ ಒಳಗೆ ತೊಟ್ಟಿಲಲ್ಲಿ ಮಗಳು ಅಳತೊಡಗಿದಳು. ಆಫೀಸಿಗೆ ಹೊರಟಿದ್ದ ನನ್ನ ಗಂಡ ತೊಟ್ಟಿಲ ಹತ್ತಿರ ಬಂದವರು ಅಮ್ಮನನ್ನು ಕಂಡು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತರು.

"ಎತ್ಕೊಳ್ಳೋ," ಎಂದರು ಅತ್ತೆ.

ನನ್ನ ಗಂಡ ನನ್ನ ಮುಖ ನೋಡಿದರು.

"ಅವಳನ್ನೇನು ನೋಡ್ತೀಯಾ? ಅಪ್ಪ ಅಲ್ವೇನೋ ನೀನು?"

ಎತ್ತಿಕೊಂಡರು. ಮಗು ದಿನದ ಅಭ್ಯಾಸದಂತೆ ಅವರ ಕತ್ತಿಗೆ ಮೂಗು ಒತ್ತಿ ಸುಮ್ಮನಾಯಿತು. ಕದ್ದು ಎತ್ತಿಕೊಳ್ಳುತ್ತಿದ್ದ ಗುಟ್ಟು ರಟ್ಟಾಯಿತಲ್ಲ ಎಂದು ನಾನು ಬೈಗುಳಕ್ಕೆ ಕಾದೆ. ಅತ್ತೆ ಮಗನ ಕಡೆ ತಿರುಗಿದರು.

"ನಿನಗೆ ಜ್ವರ ಬಂದಾಗ ನಿಮ್ಮಪ್ಪ ಒಂದೇ ಒಂದು ಸಲ ನಿನ್ನ ಎತ್ಕೊಂಡಿದ್ರು ಕಣೋ. ನಾನೇ ಕೆಳಗಿಳಿಸಿ ಅಂದೆ. ನಮ್ಮತ್ತೆ ಬರ್ತಾ ಇದ್ರು."